ಹನ್ನೆರಡು ವಾಕ್ಯದ ಪಾರ್ಟಿ

ಭಾನುವಾರ ಬೆಳಿಗ್ಗೆ ಗಂಡನ ಊಟದ ಡಬ್ಬಿ ತೊಳೆಯೋಕೆ ತೆಗೆದ ಹೆಂಡತಿಗೆ ಅದರ ತಳದಲ್ಲಿ ನಾಲ್ಕಾಗಿ ಮಡಚಿದ ಒಂದು ದಪ್ಪ ಕಾರ್ಡು ಸಿಕ್ಕಿತು. ಎಣ್ಣೆ ಹೀರಿ ಅರ್ಧ ಕಾರ್ಡು ಕಿಟಕಿ ಗಾಜಿನ ಹಾಗೆ ಆಗಿತ್ತು. ಅಂಚಿಗೆ ಚಿನ್ನದ ಗೆರೆ. ಒಳಗೆಲ್ಲ ಇಂಗ್ಲಿಷು.

"ಏನ್ರೀ ಇದು?"

ಎರಡೂ ಮಂಡಿಗೆ ಬಿಸಿನೀರಿನ ಬಟ್ಟೆ ಸುತ್ತಿಕೊಂಡು ಮಂಚದ ಮೇಲೆ ಕೂತಿದ್ದ ಕ್ರೇನಣ್ಣ ಗೋಡೆ ಕಡೆ ತಿರುಗಿದ. "ಏನೂ ಇಲ್ಲ ಕಣೇ. ಯಾವುದೋ ರಟ್ಟು. ಬಿಸಾಕು."

"ಚಿನ್ನದ ಗೆರೆ ಇರೋ ರಟ್ಟನ್ನ ಯಾರಾದ್ರೂ ಡಬ್ಬಿ ತಳದಲ್ಲಿ ಬಚ್ಚಿಡ್ತಾರೇನ್ರೀ?"

ಬಚ್ಚಿಟ್ಟದ್ದು ನಿಜ. ಶನಿವಾರ ಸಂಜೆ ಆ ಕಾರ್ಡು ಅವನಿಗೆ ಬಂದದ್ದು ಕ್ರೇನಿನ ಕೊಕ್ಕೆಗೆ ಕಟ್ಟಿಕೊಂಡು. ಕೆಳಗಿಂದ ಸನ್ನೆ ಮಾಡುವವನು ಅದನ್ನ ಕಟ್ಟಿ ಸೀಟಿ ಊದಿದ್ದ. ಹೊಸ ಮ್ಯಾನೇಜರು ಭಾನುವಾರ ನಾಲ್ಕು ಗಂಟೆಗೆ ಬಂಗಲೆಯಲ್ಲಿ ಪಾರ್ಟಿ ಇಟ್ಟಿದ್ದಾರೆ ಅಂತ ಕೂಗಿಯೂ ಹೇಳಿದ್ದ. ಕ್ರೇನಣ್ಣ ಅಷ್ಟು ಕೇಳಿದ್ದೇ ಕಾರ್ಡನ್ನ ನಾಲ್ಕಾಗಿ ಮಡಚಿ ಡಬ್ಬಿ ತಳಕ್ಕೆ ತುರುಕಿದ. ಪಾರ್ಟಿ ಅಂದರೆ ಇಂಗ್ಲಿಷು. ಇಂಗ್ಲಿಷು ಅಂದರೆ ಅವಮಾನ. ಇಷ್ಟು ಲೆಕ್ಕ ಹಾಕೋಕೆ ಏಳನೇ ಕ್ಲಾಸು ಸಾಕು, ಅವನು ಓದಿದ್ದೂ ಅಷ್ಟೇ.

ಉಕ್ಕಿನ ಯಾರ್ಡಿನಲ್ಲಿ ಒಂದನೇ ಕ್ರೇನು ಅವನದು. ನೂರಾ ಹನ್ನೆರಡು ಮೆಟ್ಟಿಲ ಕಬ್ಬಿಣದ ಏಣಿ ಹತ್ತಿ, ಮೇಲಿನ ಗಾಜಿನ ಗೂಡಿನಲ್ಲಿ ಕೂತು ಹದಿನಾಲ್ಕು ಟನ್ ಉಕ್ಕನ್ನ ಕೋಳಿ ಮೊಟ್ಟೆ ಇಳಿಸಿದ ಹಾಗೆ ಇಳಿಸುತ್ತಿದ್ದ. ಹದಿನೇಳು ವರ್ಷದಲ್ಲಿ ಒಂದು ಬೋಲ್ಟೂ ಯಾರ ತಲೆ ಮೇಲೂ ಬಿದ್ದಿಲ್ಲ. ಆದರೆ ಹದಿನಾಲ್ಕು ಟನ್ ಎತ್ತುವವನು ನಾಲಿಗೆ ಮೇಲೆ ನಾಲ್ಕು ಇಂಗ್ಲಿಷ್ ಪದ ಎತ್ತಲಾರ ಅಂತ ಆರು ವರ್ಷದಿಂದ ಸೂಪರ್‌ವೈಸರ್ ಹುದ್ದೆಗೆ ಅವನ ಹೆಸರು ಬಂದಾಗಲೆಲ್ಲ ಮೇಲಿನವರು ತಲೆ ಅಲ್ಲಾಡಿಸುತ್ತಿದ್ದರು. ಉಕ್ಕಿಗೆ ಯಾವ ಭಾಷೆ ಬರುತ್ತೆ ಅಂತ ಅವರನ್ನ ಒಬ್ಬನೂ ಕೇಳಲಿಲ್ಲ. ಈಗ ಮಂಡಿಗಳು ಏಣಿಯ ಅರ್ಧಕ್ಕೆ ಮುಷ್ಕರ ಹೂಡುತ್ತಿವೆ. ಸೂಪರ್‌ವೈಸರ್ ಆದರೆ ನೆಲದ ಮೇಲೆ ಕೆಲಸ. ಹಳೆ ಸೂಪರ್‌ವೈಸರು ಹೋದ ವಾರವಷ್ಟೇ ರಿಟೈರಾಗಿದ್ದ. ಕುರ್ಚಿ ಖಾಲಿ.

ಗಂಡನ ಬಾಯಿ ಬಿಡಿಸಿದ ಹೆಂಡತಿಗೆ ಎರಡಕ್ಕೆ ಎರಡು ಕೂಡಿಸೋಕೆ ಒಂದು ನಿಮಿಷವೂ ಬೇಕಾಗಲಿಲ್ಲ.

"ಕುರ್ಚಿ ಖಾಲಿ ಆದ ವಾರವೇ ಕಾರ್ಡ್ ಬಂದಿದೆ. ಅವರು ನಿಮ್ಮನ್ನ ನೋಡ್ಬೇಕು ಅಂತಿದ್ದಾರೆ ಕಣ್ರೀ. ಏಳಿ ಮೇಲೆ. ನಿಮ್ಮ ಮಂಡಿ ಸತ್ತಮೇಲೆ ಕ್ರೇನ್ ನಾನು ಹತ್ಲಾ?"

"ಹೋಗಿ ಏನಂತ ಮಾತಾಡ್ಲಿ?"

"ಅದಕ್ಕೆ ಮೇಲಿನ ಮನೆ ಟೈಪಿಸ್ಟಮ್ಮ ಇದ್ದಾರೆ."

ಟೈಪಿಸ್ಟಮ್ಮ ಕಂಪನಿ ಆಫೀಸಿನಲ್ಲಿ ನಲವತ್ತು ವರ್ಷ ಟೈಪು ಹೊಡೆದು ನಿವೃತ್ತಿಯಾದವರು. ಬೆರಳು ಇನ್ನೂ ನಿವೃತ್ತಿಯಾಗಿರಲಿಲ್ಲ, ಮಾತಾಡುವಾಗ ಮೇಜಿನ ಮೇಲೆ ತಟಪಟ ಅನ್ನುತ್ತಿದ್ದವು. ಎಣ್ಣೆ ಕಾರ್ಡನ್ನ ದೀಪಕ್ಕೆ ಹಿಡಿದು ನೋಡಿದರು.

"'ಡೂ ಡ್ರಾಪ್ ಬೈ' ಅಂತ ಬರೆದಿದ್ದಾರಪ್ಪ. ಹಾಗೇ ಸುಮ್ಮನೆ ಬಂದು ಹೋಗಿ ಅಂತ."

"ಹಾಗಂತ ನೇರವಾಗಿ ಬರೆದ್ರೆ ಏನು ಕಳ್ಕೊಳ್ತಾರಮ್ಮಾ?"

"ಪಾರ್ಟಿ ಇಂಗ್ಲಿಷೇ ಹಂಗೆ. ನೆಟ್ಟಗಿರೋ ಒಂದು ಮಾತಿಗೆ ಹಿಂದೆ ಒಂದು ಪುಟ್ಟ ಬಾಲ ಕಟ್ತಾರೆ. ಬಾಲ ಬದಲಾದ್ರೆ ಪ್ರಾಣಿನೇ ಬದಲು. ಅದನ್ನೆಲ್ಲ ಅರ್ಥ ಮಾಡ್ಕೊಳ್ಳೋಕೆ ಕೂತ್ರೆ ಮುಂದಿನ ಪಾರ್ಟಿನೂ ಮುಗಿದಿರುತ್ತೆ. ಬಾಯಿಪಾಠ ಮಾಡು, ಸಾಕು." ಅವರು ಒಂದು ಹಾಳೆ ಎಳೆದು ಕೊಟ್ಟರು. ಹನ್ನೆರಡು ಇಂಗ್ಲಿಷ್ ವಾಕ್ಯ, ಕನ್ನಡ ಲಿಪಿಯಲ್ಲಿ, ನೀಲಿ ಅಕ್ಷರ. "ಒಂದು, ಮೂರು, ಐದು, ಹೀಗೆ ಬೆಸಸಂಖ್ಯೆಯವು ಅತಿಥಿ ಹೇಳೋದು. ಎರಡು, ನಾಲ್ಕು, ಆರು ಮನೆಯವರು ಹೇಳೋದು. ಹನ್ನೆರಡಕ್ಕೆ ಬಾಗಿಲ ತನಕ ಬಂದು ಬೀಳ್ಕೊಡ್ತಾರೆ. ಇದು ಕಾರ್ಬನ್ ಕಾಪಿ ಕಣಪ್ಪ, ಒದ್ದೆ ಕೈಯಲ್ಲಿ ಮುಟ್ಟಬೇಡ. ಅಸಲು ಪ್ರತಿ ಬೆಳಿಗ್ಗೇನೇ ಹೋಯ್ತು."

"ಯಾರಿಗಮ್ಮಾ?"

"ಅದೆಲ್ಲ ಆಫೀಸು ಗುಟ್ಟು. ಒಬ್ಬರ ಕಾಗದದ ಸುದ್ದಿ ಇನ್ನೊಬ್ಬರಿಗೆ ಹೇಳಿದವಳಲ್ಲ ನಾನು."

ಮಧ್ಯಾಹ್ನದ ತನಕ ಮನೆಯಲ್ಲಿ ಶಾಲೆ ನಡೆಯಿತು. ಹೆಂಡತಿ ಒಲೆ ಮುಂದೆ ನಿಂತು ಮನೆಯವರ ವಾಕ್ಯ ಓದುವುದು, ಇವನು ಬಾಗಿಲಲ್ಲಿ ನಿಂತು ಅತಿಥಿಯ ವಾಕ್ಯ ಒಪ್ಪಿಸುವುದು.

"ಥ್ಯಾಂಕ್ಸ್ ಫಾರ್ ಹ್ಯಾವಿಂಗ್ ಮಿ ಓವರ್!"

"ಸೋ ಗ್ಲ್ಯಾಡ್ ಯು ಕುಡ್ ಮೇಕ್ ಇಟ್! ರೀ, ಮುಖ ಯಾಕೆ ಹಂಗೆ ಮಾಡ್ತೀರಾ? ಕರೆಸ್ಕೊಂಡಿದ್ದಕ್ಕೆ ಥ್ಯಾಂಕ್ಸ್ ಅಂತಿದ್ದೀರಾ, ಹಲ್ಲು ಕೀಳಿಸ್ಕೊಂಡಿದ್ದಕ್ಕಲ್ಲ."

ಆಮೇಲೆ ಅವಳಿಗೆ ಇನ್ನೊಂದು ಅನುಮಾನ ಹೊಳೆಯಿತು. "ಆ ಮನುಷ್ಯ ಉಲ್ಟಾ ಕೇಳಿಬಿಟ್ರೆ? ಸಮಸಂಖ್ಯೆನೂ ಕಲಿತುಬಿಡಿ." ಅದನ್ನೂ ಕಲಿತ. ಕ್ರೇನಿನವರಿಗೆ ಒಂದು ಗುಣ ಇರುತ್ತದೆ, ಒಮ್ಮೆ ಕ್ರಮ ಅಂತ ಕೂತರೆ ಪ್ರಾಣ ಹೋದರೂ ತಪ್ಪಿಸುವುದಿಲ್ಲ. ಕೆಳಗಿಂದ ಸರಿಯಾದ ಸನ್ನೆ ಬರದೆ ಕೊಕ್ಕೆ ಅಲ್ಲಾಡಿಸಬಾರದು, ಸನ್ನೆ ಬಂದಮೇಲೆ ನಿಲ್ಲಿಸಬಾರದು.

ಉಳಿದದ್ದು ಕೋಟು. ಎದುರು ಮನೆಯ ಬ್ಯಾಂಡ್ ಮಾಸ್ತರು ವಿಷಯ ಕೇಳಿ ಎದೆಯುಬ್ಬಿಸಿಕೊಂಡು ತಮ್ಮ ಕಪ್ಪು ಕೋಟನ್ನೇ ತಂದರು. "ಎಂಥೆಂಥ ಮೆರವಣಿಗೆ ನೋಡಿದ ಕೋಟು ಗೊತ್ತಾ? ಇದನ್ನ ಹಾಕ್ಕೊಂಡವನು ಸುಮ್ಮನೆ ನಡೆದ್ರೂ ಜನ ದಾರಿ ಬಿಡ್ತಾರೆ."

"ಮಾಸ್ತರೇ, ಭುಜದ ಮೇಲೆ ಚಿನ್ನದ ಹಗ್ಗ ಇದೆಯಲ್ಲ?"

ಹೆಂಡತಿ ಹಗ್ಗವನ್ನೂ ಪಟ್ಟಿಯನ್ನೂ ಬಿಚ್ಚಿ ತೆಗೆದಳು. ಹೊಲಿಗೆಯ ತೂತುಗಳು ಮಾತ್ರ ಸಾಲಾಗಿ ಉಳಿದವು, ಇರುವೆ ಪರೇಡ್ ಮಾಡಿದ ಹಾಗೆ. ಮಾಸ್ತರು ಕಡ್ಡಿಪೈಲ್ವಾನ್, ಕ್ರೇನಣ್ಣ ಕ್ರೇನಿನ ಸನ್ನೆಕೋಲು ಎಳೆದು ಎಳೆದು ಭುಜ ಬೆಳೆಸಿದವನು. ಕೋಟು ಹಾಕಿದಮೇಲೆ ಕೈ ಎದೆಗಿಂತ ಮೇಲೆ ಏಳಲಿಲ್ಲ.

"ಕೈ ಎತ್ತಬೇಡಿ, ಅಷ್ಟೇ" ಅಂದಳು ಹೆಂಡತಿ. "ಪಾರ್ಟಿಯಲ್ಲಿ ಯಾರು ಕೈ ಎತ್ತುತ್ತಾರೆ?"

ಬಸ್ಸಿನಲ್ಲಿ ಬಾಯಿಪಾಠ ಮಾಡುತ್ತಾ ಹೋದ. ಪಕ್ಕದಲ್ಲಿ ಕೂತ ಮುದುಕ ಏಳನೇ ವಾಕ್ಯದ ಹೊತ್ತಿಗೆ ಎದ್ದು ಬೇರೆ ಸೀಟಿಗೆ ಹೋದ. ಬೆವರಿಗೆ ಹಾಳೆ ಕೈಗೆ ಅಂಟಿತು. ಬಂಗಲೆ ಗೇಟು ಮುಟ್ಟುವಷ್ಟರಲ್ಲಿ ಬಲ ಅಂಗೈ ಪೂರ್ತಿ ನೀಲಿ.

ಗೇಟಿನವನು ಕೋಟನ್ನ ಮೇಲಿಂದ ಕೆಳಗೆ ನೋಡಿದ. "ಬ್ಯಾಂಡಿನವರಿಗೆ ಹಿಂದಿನ ಬಾಗಿಲು."

"ನಾನು ಬ್ಯಾಂಡಿನವನಲ್ಲ!"

"ಎಲ್ಲರೂ ಹಾಗೇ ಅಂತಾರೆ. ತುತ್ತೂರಿ ಎಲ್ಲಿ?"

ಕಾರ್ಡು ತೋರಿಸೋಣ ಅಂದರೆ ಅದು ಮನೆಯಲ್ಲಿ ಊಟದ ಡಬ್ಬಿ ಪಕ್ಕದಲ್ಲೇ ಉಳಿದಿತ್ತು. ಹಿಂದಿನ ಬಾಗಿಲಿಂದಲೇ ಹೋದ. ಜೀವನವೆಲ್ಲ ಹಿಂದಿನ ಬಾಗಿಲೇ ಆದವನಿಗೆ ದಾರಿ ಯಾರೂ ತೋರಿಸಬೇಕಾಗಿರಲಿಲ್ಲ.

ಹಿತ್ತಿಲಲ್ಲಿ ಎತ್ತರದ ಬಿಳಿ ಟೋಪಿ, ಮಸಿ ಹತ್ತಿದ ಏಪ್ರನ್ನು ಹಾಕಿದ ಒಬ್ಬ ಅಡಿಗೆಯವನು ಇದ್ದಿಲ ಮೇಲೆ ಜೋಳ ಸುಡುತ್ತಿದ್ದ. ಪಕ್ಕದಲ್ಲಿ ನಾಲ್ಕು ಜನ ಒಂದು ಕಲ್ಲಿನ ಮೇಜನ್ನ ಬಾಗಿಲಿಂದ ಹೊರಗೆ ತರೋಕೆ ಹೆಣಗುತ್ತಿದ್ದರು. ಒಬ್ಬ ಎಳೆದರೆ ಇನ್ನೊಬ್ಬ ತಳ್ಳುತ್ತಿದ್ದ. ಒಬ್ಬನ ಬೆರಳು ಜಜ್ಜಿಹೋಗುವುದರಲ್ಲಿತ್ತು.

"ನಿಲ್ಲಿಸ್ರೋ!" ಕ್ರೇನಣ್ಣನ ಗಂಟಲು ಅವನನ್ನ ಕೇಳದೆ ಕೂಗಿತು. "ನೀವಿಬ್ಬರೂ ಮೊದಲು ಕೆಳಗಿಡಿ. ನೀನು ಎಡಕ್ಕೆ. ಹಾಂ, ನಿಧಾನ. ಈಗ ಓರೆ ಮಾಡಿ. ಇನ್ನೊಂದು ಬೆರಳು. ಬಿಡಿ."

ಮೇಜು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೊರಗೆ ಬಂತು.

"ಭಲೇ!" ಅಂದ ಟೋಪಿಯವನು. "ಒಂದು ಜೋಳ ತಗೊಳ್ಳಿ. ಪಾರ್ಟಿಗೆ ಬಂದ್ರಾ?"

"ಬಂದದ್ದೇನೋ ಬಂದೆ ಅಣ್ಣ, ಹಿಂದಿನ ಬಾಗಿಲಿಂದ." ಬಿಸಿ ಜೋಳ ಕೈಗೆ ಬಂದದ್ದೇ ಬೆಳಗಿನಿಂದ ಕಟ್ಟಿಟ್ಟಿದ್ದ ಸಿಟ್ಟೂ ಹೊರಗೆ ಬಂತು. "ನಿಮ್ಮ ಮ್ಯಾನೇಜರ್ ಎಲ್ಲಿ? ಅವರ ಮುಂದೆ ಹನ್ನೆರಡು ವಾಕ್ಯ ಒಪ್ಪಿಸಬೇಕು. ಹದಿನೇಳು ವರ್ಷ ನಾನು ಎತ್ತಿದ ಉಕ್ಕೆಲ್ಲ ಒಂದು ಕಡೆ, ಈ ಹನ್ನೆರಡು ವಾಕ್ಯ ಒಂದು ಕಡೆ. ಯಾವುದು ಭಾರ ಹೇಳಿ?"

"ಯಾವುದು?"

"ವಾಕ್ಯನೇ ಅಣ್ಣ! ಉಕ್ಕು ಎತ್ತೋಕೆ ಕ್ರೇನಾದ್ರೂ ಕೊಟ್ಟಿದ್ದಾರೆ. ನನ್ನ ಮಂಡಿ ಹೋಗಿದೆ, ಐವತ್ತಾರನೇ ಮೆಟ್ಟಿಲಿಗೆ ಉಸಿರು ನಿಲ್ಲುತ್ತೆ. ಯಾರ್ಡಿನ ಪ್ರತಿ ಮೂಲೆ ಗೊತ್ತು ನಂಗೆ. ಆದ್ರೆ 'ಹೆಲ್ಪ್ ಯುವರ್‌ಸೆಲ್ಫ್' ಅನ್ನೋಕೆ ಬರಲ್ಲ ಅಂತ ಅಲ್ಲೇ ಮೇಲೆ ಕೊಳೀತಿದ್ದೀನಿ. ಕಾಗೆಗಳಾದ್ರೂ ಬೇಕಾದಾಗ ಕೆಳಗಿಳೀತಾವೆ, ನಂಗೆ ಅದೂ ಇಲ್ಲ."

ಟೋಪಿಯವನು ಜೋಳ ತಿರುಗಿಸುತ್ತಾ ಅವನನ್ನೇ ನೋಡಿದ. "ಆ ಹನ್ನೆರಡು ವಾಕ್ಯ ನಂಗೆ ಹೇಳಿ ನೋಡೋಣ?"

"ಬೇಡ ಅಣ್ಣ. ನಿಮಗೆ ಹೇಳಿಬಿಟ್ರೆ ಬಿಸಿ ಆರಿಹೋಗುತ್ತೆ. ಮ್ಯಾನೇಜರಿಗೆ ಅಂತಲೇ ಇಟ್ಕೊಂಡಿದ್ದೀನಿ."

ಹೊಸ ಮ್ಯಾನೇಜರು ಬಂದು ತಿಂಗಳಾಗಿತ್ತು. ಆದರೆ ಕ್ರೇನಣ್ಣ ಅವರ ಮುಖ ನೋಡಿರಲಿಲ್ಲ. ಅವನು ಯಾರ ಮುಖವನ್ನೂ ನೋಡುವವನಲ್ಲ, ನೋಡುವುದೆಲ್ಲ ನೆತ್ತಿ. ಯಾರ್ಡಿನ ಮುನ್ನೂರು ಜನರನ್ನೂ ಅವನು ನೆತ್ತಿಯಿಂದಲೇ ಗುರುತು ಹಿಡಿಯುತ್ತಿದ್ದ. ಸುಳಿ ಎರಡಿದ್ದವನು ವೆಲ್ಡರು, ಎಣ್ಣೆ ಮಿಂಚುವವನು ಸ್ಟೋರಿನವನು. ಮ್ಯಾನೇಜರದು ಬೋಳು, ಟೀ ಸಾಸರ್ ಅಳತೆಯ ಗುಂಡನೆ ಬೋಳು, ಸುತ್ತ ಕೂದಲಿನ ಬೇಲಿ. ಕ್ರೇನಣ್ಣ ಹಿತ್ತಿಲಿಂದ ಮುಂದಕ್ಕೆ ಬಂದು, ಜಗಲಿಯ ಮೆಟ್ಟಿಲು ಹತ್ತಿ ನಿಂತು, ಹುಲ್ಲಿನ ಮೇಲೆ ನಿಂತ ಜನರ ನೆತ್ತಿಗಳನ್ನ ಒಂದೊಂದಾಗಿ ನೋಡಿದ. ಅಗೋ! ದಾಳಿಂಬೆ ಗಿಡದ ಪಕ್ಕ ಒಬ್ಬರೇ ನಿಂತಿದ್ದಾರೆ. ಬೂದು ಕೋಟು, ಟೈ. ನೆತ್ತಿಯ ನಟ್ಟನಡುವೆ ಸಾಸರ್.

ಉಸಿರು ಬಿಗಿಹಿಡಿದು ಹೋಗಿ ಕೈ ನೀಡಿದ.

"ಥ್ಯಾಂಕ್ಸ್ ಫಾರ್ ಹ್ಯಾವಿಂಗ್ ಮಿ ಓವರ್!"

ಬೋಳುತಲೆಯವರು ಒಂದು ಕ್ಷಣ ಬೆಚ್ಚಿದರು. ಆಮೇಲೆ ಮುಖವೆಲ್ಲ ಬೆಳಗಿ ಕೈ ಕುಲುಕಿದರು. "ಸೋ ಗ್ಲ್ಯಾಡ್ ಯು ಕುಡ್ ಮೇಕ್ ಇಟ್!"

ಅಬ್ಬಾ! ಅಕ್ಷರ ಅಕ್ಷರವೂ ಟೈಪಿಸ್ಟಮ್ಮ ಬರೆದದ್ದೇ! ಸನ್ನೆ ಸರಿಯಾಗಿ ಬಂತು, ಕೊಕ್ಕೆ ಎತ್ತು.

"ವಾಟ್ ಎ ಲವ್ಲಿ ಟರ್ನ್‌ಔಟ್!"

"ಎವ್ರಿಬಡಿ ಶೋಡ್ ಅಪ್!"

"ಯು ಆರ್ ಆಲ್ ಡ್ರೆಸ್ಡ್ ಅಪ್!"

"ಓ, ದಿಸ್ ಓಲ್ಡ್ ಥಿಂಗ್!" ಅಂತ ಬೂದು ಕೋಟಿನವರು ಕೋಟಿನ ತುದಿ ಹಿಡಿದು ತೋರಿಸಿದರು.

ಎಷ್ಟು ದೊಡ್ಡ ಮನುಷ್ಯ, ಎಷ್ಟು ಸರಳ ಅಂದುಕೊಂಡ ಕ್ರೇನಣ್ಣ. ಕ್ಯಾಚ್ ಅಪ್ ಆಯಿತು, ಡ್ರಾಪ್ ಬೈ ಆಯಿತು, ಡಿಗ್ ಇನ್ ಅಂದದ್ದಕ್ಕೆ ಹೆಲ್ಪ್ ಯುವರ್‌ಸೆಲ್ಫ್ ಬಂತು, ಇಬ್ಬರೂ ಒಂದೊಂದು ಜೋಳ ಕಚ್ಚಿದರು. "ಐ ಮಸ್ಟ್ ಬಿ ಹೆಡಿಂಗ್ ಆಫ್" ಅಂತ ಹನ್ನೊಂದನೆಯದನ್ನ ಹೇಳಿದ. "ಲೆಟ್ ಮಿ ಸೀ ಯು ಔಟ್" ಅಂತ ಹನ್ನೆರಡನೆಯದು ಬಂತು. ಬೂದು ಕೋಟಿನವರು ಅವನ ಭುಜ ಹಿಡಿದು ಗೇಟಿನ ತನಕ ಕರೆತಂದರು.

ಗೇಟಿನ ಹತ್ತಿರ ಇಬ್ಬರೂ ನಿಂತರು. ಪಾರ್ಟಿ ಶುರುವಾಗಿ ಇಪ್ಪತ್ತು ನಿಮಿಷ ಆಗಿತ್ತು. ಹುದ್ದೆಯ ಮಾತೇ ಬಂದಿರಲಿಲ್ಲ. ಹಾಳೆ ಮುಗಿದಿತ್ತು. ಕ್ರೇನಣ್ಣನ ಬೆನ್ನಿನಲ್ಲಿ ಬೆವರು ಏಣಿ ಇಳಿಯತೊಡಗಿತು.

ಆಗ ಬೂದು ಕೋಟಿನವರು ಗಂಟಲು ಸರಿಮಾಡಿಕೊಂಡು, ಕಣ್ಣು ಮುಚ್ಚಿ ನೆನಪಿಸಿಕೊಂಡವರ ಹಾಗೆ, ಅವನ ಕೈ ಮತ್ತೆ ಹಿಡಿದು ಕುಲುಕಿದರು. "ಥ್ಯಾಂಕ್ಸ್ ಫಾರ್ ಹ್ಯಾವಿಂಗ್ ಮಿ ಓವರ್!"

ಉಲ್ಟಾ ಕೇಳ್ತಿದ್ದಾರೆ! ಹೆಂಡತಿ ಹೇಳಿದ ಹಾಗೇ! ಕ್ರೇನಣ್ಣ ಮನಸ್ಸಿನಲ್ಲೇ ಅವಳಿಗೆ ಒಂದು ಸೀರೆ ತೆಗೆದ. "ಸೋ ಗ್ಲ್ಯಾಡ್ ಯು ಕುಡ್ ಮೇಕ್ ಇಟ್!" ಅಂದ. ಮಾತಾಡುತ್ತಾ ಒಳಗೆ ಹೋದರು, ಜೋಳ ಕಚ್ಚಿದರು, ಈ ಸಲ ಕ್ರೇನಣ್ಣನೇ ಅವರ ಭುಜ ಹಿಡಿದು ಗೇಟಿಗೆ ಕರೆತಂದ. ಮತ್ತೆ ಒಂದನೇ ವಾಕ್ಯ. ಮತ್ತೆ ಒಳಗೆ.

ಮೂರನೇ ಸಲ ಇಬ್ಬರೂ ಗೇಟಿಗೆ ಬಂದಾಗ ಗೇಟಿನವನು ಕುರ್ಚಿಯಿಂದ ಎದ್ದು ನಿಂತಿದ್ದ. ಒಳಗಿನ ಜನ ಬೆರಗಾಗಿ ನೋಡುತ್ತಿದ್ದರು. ಒಂದು ಗಂಟೆ ಹೊತ್ತು ನೀರು ಹರಿದ ಹಾಗೆ ಇಂಗ್ಲಿಷು! ಉಳಿದವರೆಲ್ಲ ತಟ್ಟೆ ಹಿಡಿದು ಗೋಡೆಗೆ ಒರಗಿ ಹವಾಮಾನದ ಮೇಲೆ ಎರಡು ಮಾತಾಡಿ ಸುಮ್ಮನಾಗಿದ್ದರು. ಕ್ರೇನಣ್ಣನಿಗೆ ಕಾಲು ನೆಲದ ಮೇಲೇ ಇರಲಿಲ್ಲ, ಇಷ್ಟು ವರ್ಷದಲ್ಲಿ ಮೊದಲ ಸಲ ಏಣಿ ಇಲ್ಲದೆ ಮೇಲೆ ಹೋಗಿದ್ದ. ಹುದ್ದೆ ತನ್ನದೇ.

"ಇಬ್ಬರೂ ಹೊರಟುಬಿಟ್ರಾ?" ಹಿಂದಿನಿಂದ ಕೂಗು ಬಂತು. ಬಿಳಿ ಟೋಪಿಯ ಅಡಿಗೆಯವನು ಏಪ್ರನ್ನಿಗೆ ಕೈ ಒರೆಸುತ್ತಾ ಬರುತ್ತಿದ್ದ. "ಒಂದನೇ ಕ್ರೇನು, ಎರಡನೇ ಕ್ರೇನು, ಸ್ವಲ್ಪ ನಿಲ್ಲಿ."

ಕ್ರೇನಣ್ಣ ಸುತ್ತ ನೋಡಿದ. ಒಂದನೇ ಕ್ರೇನು ತಾನು. ಎರಡನೇ ಕ್ರೇನು?

ಎರಡನೇ ಕ್ರೇನಿನವನು ಯಾರ್ಡಿನ ಆ ತುದಿಯಲ್ಲಿದ್ದ. ಅವನ ಗೇಟು ಬೇರೆ, ಅವನ ಪಾಳಿ ಒಂದು ಗಂಟೆ ಮುಂಚೆ ಶುರುವಾಗಿ ಮುಂಚೆಯೇ ಮುಗಿಯುತ್ತಿತ್ತು. ಆರು ವರ್ಷದಿಂದ ಬೆಳಿಗ್ಗೆ ಗೂಡು ಸೇರಿದಮೇಲೆ ಕ್ರೇನಣ್ಣ ಮೊದಲು ಮಾಡುವ ಕೆಲಸ ಅಂದರೆ ಆ ಕಡೆಯ ಗೂಡಿಗೆ ಕೈ ಬೀಸುವುದು. ತಲೆ ಮೇಲೆ ಕೈ ಎತ್ತಿ ಎರಡು ಸಲ ಬಲಕ್ಕೆ, ಒಂದು ಸಲ ಕೆಳಕ್ಕೆ. ಆ ಕಡೆಯಿಂದಲೂ ಹಾಗೇ ಒಂದು ಕೈ ಬರುತ್ತಿತ್ತು. ಅಷ್ಟೇ ಸ್ನೇಹ. ಯಾರ್ಡಿನಲ್ಲಿ ಅವನು ನೆತ್ತಿ ನೋಡದೆ ಉಳಿದ ಮನುಷ್ಯ ಒಬ್ಬನೇ, ತನ್ನಷ್ಟೇ ಎತ್ತರದಲ್ಲಿ ಕೂತಿದ್ದ ಆ ಮನುಷ್ಯ.

ಬೂದು ಕೋಟಿನವನ ಬಾಯಿ ತೆರೆದೇ ಇತ್ತು. ಕ್ರೇನಣ್ಣ ತಲೆ ಮೇಲೆ ಕೈ ಎತ್ತಿದ. ಮಾಸ್ತರ ಕೋಟು ಕಂಕುಳಿಂದ ಸೊಂಟದ ತನಕ ಪರ್‍ ಅಂತ ಹರಿಯಿತು. ಎರಡು ಸಲ ಬಲಕ್ಕೆ, ಒಂದು ಸಲ ಕೆಳಕ್ಕೆ.

ಬೂದು ಕೋಟಿನವನೂ ಕೈ ಎತ್ತಿದ. ಎರಡು ಸಲ ಬಲಕ್ಕೆ, ಒಂದು ಸಲ ಕೆಳಕ್ಕೆ. ಅವನ ಅಂಗೈಯೂ ನೀಲಿಯಾಗಿತ್ತು.

"ನೀನೇನಯ್ಯಾ!" ಅಂದ ಕ್ರೇನಣ್ಣ.

"ನೀವು ಮ್ಯಾನೇಜರ್ ಅಲ್ವಾ?" ಅಂದ ಅವನು, ಅಳುವ ದನಿಯಲ್ಲಿ. "ನಾನು ಬೆಳಿಗ್ಗೆ ಆರಕ್ಕೇ ಟೈಪಿಸ್ಟಮ್ಮನ ಮನೆಗೆ ಹೋಗಿ..."

"ಅಸಲು ಪ್ರತಿ!"

ಅಡಿಗೆಯವನು ಸೆಕೆಗೆ ಟೋಪಿ ತೆಗೆದು ಬೀಸಿಕೊಂಡ. ಬಾಗಿದ ತಲೆಯ ನಡುವೆ, ಕೂದಲಿನ ಬೇಲಿಯೊಳಗೆ, ಗುಂಡನೆ ಇನ್ನೊಂದು ಸಾಸರ್ ಹೊಳೆಯಿತು. ಕ್ರೇನಣ್ಣ ಹರಿದ ಕೋಟನ್ನ ನೀಲಿ ಕೈಯಲ್ಲಿ ಮುಚ್ಚಿಕೊಂಡ. ಕೊಳೆಯುತ್ತಿದ್ದೀನಿ ಅಂದದ್ದು, ಬಿಸಿ ಆರಿಹೋಗುತ್ತೆ ಅಂದದ್ದು ಎಲ್ಲ ಒಟ್ಟಿಗೆ ನೆನಪಾಯಿತು.

"ಸಾರ್... ಹಿತ್ತಿಲಲ್ಲಿ ನಾನು..."

"ಹೇಳಿದ್ದು ನಿಜ ತಾನೇ? ಹೆದರ್ತೀರಾ ಯಾಕೆ? ಪಾರ್ಟಿಗೆ ಕರೆದದ್ದೇ ನಿಮ್ಮಿಬ್ಬರಲ್ಲಿ ಒಬ್ಬರನ್ನ ಸೂಪರ್‌ವೈಸರ್ ಮಾಡೋಣ ಅಂತ. ಇಂಗ್ಲಿಷ್ ಬರುತ್ತೋ ಇಲ್ಲವೋ ಅಂತ ನೋಡೋಕಲ್ಲ. ಆ ಮೇಜು ಹೊರಗೆ ತರಿಸಿದಾಗಲೇ ನಿಮ್ಮ ಹೆಸರು ಬರೆದುಬಿಟ್ಟಿದ್ದೆ."

ಕ್ರೇನಣ್ಣ ಕಣ್ಣು ಮುಚ್ಚಿ ತೆಗೆದ. ಕಾರ್ಡು, ಕೋಟು, ಹನ್ನೆರಡು ವಾಕ್ಯ ಯಾವುದೂ ಬೇಕಾಗಿರಲಿಲ್ಲ.

"ಆದ್ರೆ ಆಮೇಲೆ ನಿಮ್ಮಿಬ್ಬರನ್ನ ನೋಡಿದೆ" ಅಂದರು ಮ್ಯಾನೇಜರು. "ಎರಡು ಕ್ರೇನಿನವರಿಗೂ ಪರಸ್ಪರ ಮಾತಿಲ್ಲ, ನಡುವೆ ಸುದ್ದಿ ಸಾಗಿಸೋಕೆ ಒಬ್ಬ ಸೂಪರ್‌ವೈಸರ್ ಬೇಕೇ ಬೇಕು ಅಂತ ಫೈಲಿನಲ್ಲಿ ಬರೆದಿತ್ತು. ಯಾವನ್ರೀ ಬರೆದದ್ದು? ಒಂದು ಗಂಟೆ! ಒಬ್ಬರನ್ನೊಬ್ಬರು ಬಿಟ್ಟು ಅಲ್ಲಾಡಲಿಲ್ಲ. ಗೇಟಿಗೆ ಬರ್ತೀರಾ, ಬಿಟ್ಟು ಹೋಗೋಕೆ ಮನಸ್ಸಿಲ್ಲದೆ ಮತ್ತೆ ಒಳಗೆ ಹೋಗ್ತೀರಾ! ಇಂಥ ಜೋಡಿ ಇರುವಾಗ ನಡುವೆ ಸೂಪರ್‌ವೈಸರ್ ಯಾಕೆ? ಆ ಹುದ್ದೆಯನ್ನೇ ತೆಗೆದುಬಿಟ್ಟೆ. ನಾಳೆಯಿಂದ ಎರಡು ಗೂಡಿಗೂ ಒಂದೊಂದು ವಾಕಿಟಾಕಿ. ನೀವೇ ಮಾತಾಡ್ಕೊಂಡು ಯಾರ್ಡ್ ನಡೆಸಿ."

"ಸಾರ್, ನಾವು ಮಾತಾಡಿದ್ದು ಅಂದ್ರೆ..." ಎರಡನೇ ಕ್ರೇನು ಬಾಯಿ ತೆಗೆದ. ಕ್ರೇನಣ್ಣ ನೀಲಿ ಕೈಯಲ್ಲಿ ಅವನ ಕೋಟು ಜಗ್ಗಿದ. ಹುದ್ದೆ ಹೇಗೂ ಹೋಯಿತು, ಸತ್ಯ ಹೇಳಿದರೆ ಮಾನವೂ ಉಳಿಯಲ್ಲ.

"ಮತ್ತೆ ನಿಮ್ಮ ಮಂಡಿ" ಅಂದರು ಮ್ಯಾನೇಜರು, ಹೊರಡುವ ಮುನ್ನ. "ಮರೆತಿಲ್ಲ. ಐವತ್ತಾರನೇ ಮೆಟ್ಟಿಲ ಹತ್ರ ಒಂದು ಸ್ಟೂಲು ಹಾಕಿಸ್ತೀನಿ."

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು, ಹರಿದ ಕೋಟು ನೋಡಿ ಬಾಯಿಗೆ ಕೈ ಇಟ್ಟುಕೊಂಡಳು. ಬ್ಯಾಂಡ್ ಮಾಸ್ತರು ಎದುರು ಮನೆಯಿಂದ ಧಾವಿಸಿ ಬಂದರು. ಮಹಡಿಯಿಂದ ಟೈಪಿಸ್ಟಮ್ಮ ಇಣುಕಿ ಕೇಳಿದರು, "ಏನಪ್ಪಾ, ಎಲ್ಲಾ ವಾಕ್ಯ ಸರಿ ಬಂತಾ?"

"ಒಂದೂ ತಪ್ಪಲಿಲ್ಲಮ್ಮ" ಅಂದ ಕ್ರೇನಣ್ಣ. "ಅದೇ ಎಡವಟ್ಟಾದದ್ದು."

ಮರುದಿನ ಬೆಳಿಗ್ಗೆ ಏಣಿಯ ಐವತ್ತಾರನೇ ಮೆಟ್ಟಿಲ ಪಕ್ಕದ ಕಬ್ಬಿಣದ ಅಟ್ಟಣೆಯ ಮೇಲೆ ನಿಜವಾಗಿಯೂ ಒಂದು ಸ್ಟೂಲು ಇತ್ತು. ಕೂತ. ಗಾಳಿ ಚೆನ್ನಾಗಿತ್ತು. ಹದಿನೇಳು ವರ್ಷ ಇಲ್ಲಿ ಹಾದುಹೋಗಿದ್ದರೂ ದೂರದ ಹೊಳೆ ಕಾಣುತ್ತದೆ ಅಂತ ಅವನಿಗೆ ಗೊತ್ತೇ ಇರಲಿಲ್ಲ. ಹಾಳು ಮಂಡಿಯನ್ನ ನೀವಿಕೊಂಡು ಉಳಿದ ಐವತ್ತಾರು ಹತ್ತಿದ.

ಗೂಡಿನಲ್ಲಿ ಹೊಸ ವಾಕಿಟಾಕಿ ಮೊಳೆಗೆ ನೇತಾಡುತ್ತಿತ್ತು. ಅವನು ಕೂತು, ಆ ಕಡೆಗೆ ಕೈ ಬೀಸಿದ. ಆ ಕಡೆಯಿಂದ ಕೈ ಬೀಸಿತು. ವಾಕಿಟಾಕಿ ಗರಗರ ಅಂತು, ಆಮೇಲೆ ಒಂದು ದನಿ, ಬೂದು ಕೋಟಿನ ದನಿ, ಗಂಟಲು ಸರಿಮಾಡಿಕೊಂಡಿತು.

"ಸೋ ಗ್ಲ್ಯಾಡ್ ಯು ಕುಡ್ ಮೇಕ್ ಇಟ್!"

ಕ್ರೇನಣ್ಣನಿಗೆ ನಗು ತಡೆಯಲಾಗಲಿಲ್ಲ. ಗುಂಡಿ ಒತ್ತಿದ.

"ಲೋ, ಅದು ಎರಡನೆಯದು ಕಣೋ. ಒಂದರಿಂದ ಶುರು ಮಾಡು."